ಕಪಾಟಿನ ಮೇಲಿನ ಪೊಲರಾಯ್ಡ್ ಕ್ಯಾಮೆರಾ ಗುಜರಿಗೆ ಹಾಕುವ ಮೊದಲು

ಗಲ್ಫ್‌ನಿಂದ ರಜೆಗೆ ಬಂದವರ ಪೆಟ್ಟಿಗೆ ಬಿಚ್ಚುವಾಗ ಒಂದು ಕಾಲದಲ್ಲಿ ಮನೆಮಂದಿಯೆಲ್ಲ ಸುತ್ತ ಕೂರುತ್ತಿದ್ದರು. ಅತ್ತರ್, ಟೈಗರ್ ಬಾಮ್, ಟಾರ್ಚ್, ಸೀರೆ, ಟೇಪ್ ರೆಕಾರ್ಡರ್ ಒಂದೊಂದಾಗಿ ಹೊರಗೆ ಬರುತ್ತಿದ್ದವು. ಕೆಲವರ ಪೆಟ್ಟಿಗೆಯಲ್ಲಿ ಒಂದು ದಪ್ಪ ಕಪ್ಪು ಕ್ಯಾಮೆರಾವೂ ಇರುತ್ತಿತ್ತು. ಗುಂಡಿ ಒತ್ತಿದರೆ ಕರ್ರ್ ಅಂತ ಶಬ್ದ ಮಾಡಿ, ಮುಂದಿನ ಸೀಳಿನಿಂದ ಬಿಳಿ ಅಂಚಿನ ಒಂದು ಹಾಳೆಯನ್ನು ಹೊರಗೆ ತಳ್ಳುತ್ತಿತ್ತು. ನೋಡ್ತಾ ಇದ್ದ ಹಾಗೆ ಅದರಲ್ಲಿ ಮುಖಗಳು ಮೂಡುತ್ತಿದ್ದವು. ಸ್ಟುಡಿಯೊಗೆ ಹೋಗುವ ಕೆಲಸ ಇಲ್ಲ, ರೀಲು ಮುಗಿಯುವ ತನಕ ಕಾಯುವ ಕೆಲಸ ಇಲ್ಲ.

ಆ ಕ್ಯಾಮೆರಾಗಳಲ್ಲಿ ಕೆಲವು ಈಗಲೂ ನಮ್ಮ ಮನೆಗಳಲ್ಲಿ ಉಂಟು. ಕಪಾಟಿನ ಮೇಲೆ, ಅಟ್ಟದಲ್ಲಿ, ಹಳೆಯ ಸೂಟ್‌ಕೇಸಿನೊಳಗೆ. ಈಗಿನ ಮಕ್ಕಳು ಅದನ್ನು ಹುಡುಕಿ ತೆಗೆಯುತ್ತಾರೆ. ಗುಂಡಿ ಒತ್ತುತ್ತಾರೆ. ಶಬ್ದ ಇಲ್ಲ, ಬೆಳಕು ಇಲ್ಲ. "ಉಪ್ಪ, ಇದು ಹಾಳಾಗಿದೆ" ಅನ್ನುತ್ತಾರೆ. ಮುಂದಿನ ವಾರ ಗುಜರಿಯವನು ಬಂದಾಗ ಹಳೆಯ ಮಿಕ್ಸಿಯ ಜೊತೆ ಅದೂ ಹೋಗುತ್ತದೆ.

ಹಾಗೆ ಹೋಗುವ ಕ್ಯಾಮೆರಾಗಳಲ್ಲಿ ಹಲವು ನಿಜವಾಗಿ ಕೆಟ್ಟಿರುವುದೇ ಇಲ್ಲ. ಅದು ಸುಮ್ಮನಿರುವುದಕ್ಕೆ ಬೇರೆಯೇ ಕಾರಣ ಇರುತ್ತದೆ. ಆ ಕಾರಣ ಏನು, ನಿಜವಾಗಿ ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಅಂತ ಮನೆಯಲ್ಲೇ ಹೇಗೆ ಪತ್ತೆ ಮಾಡುವುದು, ಎಲ್ಲಿ ಕೈ ಹಾಕಬಾರದು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಒಂದು ಮಗುವಿನ ಪ್ರಶ್ನೆ

ಈ ಕ್ಯಾಮೆರಾವನ್ನು ಕಂಡುಹಿಡಿದವರು ಅಮೆರಿಕದ ಎಡ್ವಿನ್ ಲ್ಯಾಂಡ್. 1909ರಲ್ಲಿ ಹುಟ್ಟಿದವರು. 1937ರಲ್ಲಿ ಪೊಲರಾಯ್ಡ್ ಕಂಪೆನಿ ಕಟ್ಟಿದರು. 1943ರಲ್ಲಿ ರಜೆಯಲ್ಲಿದ್ದಾಗ ಮಗಳ ಫೋಟೊ ತೆಗೆದರು. ಮೂರು ವರ್ಷದ ಆ ಹುಡುಗಿ, ಈಗಲೇ ಯಾಕೆ ಫೋಟೊ ನೋಡಲು ಆಗುವುದಿಲ್ಲ ಅಂತ ಕೇಳಿದಳಂತೆ. ಮಕ್ಕಳ ಪ್ರಶ್ನೆಯನ್ನು ನಾವು ಸಾಧಾರಣವಾಗಿ "ಸುಮ್ಮನಿರು" ಅಂತ ಹೇಳಿ ಮುಗಿಸುತ್ತೇವೆ. ಅವರು ಹಾಗೆ ಮಾಡಲಿಲ್ಲ. 1947ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳ ಸಭೆಯಲ್ಲಿ ತನ್ನ ಹೊಸ ಕ್ಯಾಮೆರಾ ತೋರಿಸಿದರು. 1948ರ ನವೆಂಬರಿನಲ್ಲಿ ಬಾಸ್ಟನ್ ನಗರದ ಒಂದು ಅಂಗಡಿಯಲ್ಲಿ ಅದು ಮಾರಾಟಕ್ಕೆ ಬಂತು.

ಆ ಮೊದಲ ಕ್ಯಾಮೆರಾಗಳಲ್ಲಿ ಫೋಟೊ ತೆಗೆದ ಮೇಲೆ ಕಾಗದದ ಒಂದು ಪದರವನ್ನು ಕೈಯಿಂದ ಬಿಡಿಸಬೇಕಿತ್ತು. ನಮಗೆ ಗೊತ್ತಿರುವ, ಹಾಳೆ ತಾನೇ ಹೊರಗೆ ಬಂದು ತಾನೇ ಚಿತ್ರ ಮೂಡುವ ಪದ್ಧತಿ ಬಂದದ್ದು 1972ರಲ್ಲಿ, ಎಸ್‌ಎಕ್ಸ್-70 ಎಂಬ ಮಡಚುವ ಕ್ಯಾಮೆರಾದೊಂದಿಗೆ. 1977ರಲ್ಲಿ ಒನ್‌ಸ್ಟೆಪ್ ಎಂಬ ಅಗ್ಗದ ಪ್ಲಾಸ್ಟಿಕ್ ಕ್ಯಾಮೆರಾ ಬಂತು. ಬಿಳಿ ಮೈಯ ಮೇಲೆ ಕಾಮನಬಿಲ್ಲಿನ ಪಟ್ಟಿ ಇರುವುದು ಅದೇ. 1981ರಲ್ಲಿ 600 ಮಾದರಿ ಬಂತು. ಫ್ಲ್ಯಾಶನ್ನು ಮೈಗೇ ಸೇರಿಸಿದ ಆ ಪೆಟ್ಟಿಗೆಯಂಥ ಕ್ಯಾಮೆರಾ ದೇಶ ದೇಶಗಳಿಗೆ ಹೋಯಿತು.

ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ?

ರಿಪೇರಿಗೆ ಮೊದಲು ವಸ್ತು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕು. ಅಷ್ಟು ತಿಳಿದರೆ ಅರ್ಧ ರಿಪೇರಿ ಆದ ಹಾಗೆ.

ಎಸ್‌ಎಕ್ಸ್-70 ಮತ್ತು 600 ಮಾದರಿಗಳಲ್ಲಿ ಕ್ಯಾಮೆರಾಕ್ಕೆ ತನ್ನದೇ ಬ್ಯಾಟರಿ ಇಲ್ಲ. ಬ್ಯಾಟರಿ ಇರುವುದು ಫಿಲ್ಮ್ ಪ್ಯಾಕಿನ ಒಳಗೆ. ಪ್ಯಾಕಿನ ತಳದಲ್ಲಿ 6 ವೋಲ್ಟಿನ ಒಂದು ಚಪ್ಪಟೆ ಬ್ಯಾಟರಿ. ಅದರ ಮೇಲೆ ಒಂದು ಸ್ಪ್ರಿಂಗ್. ಅದರ ಮೇಲೆ ಫಿಲ್ಮ್ ಹಾಳೆಗಳು. ಎಲ್ಲಕ್ಕಿಂತ ಮೇಲೆ, ಬೆಳಕು ತಾಗದ ಹಾಗೆ ಒಂದು ಕಪ್ಪು ರಟ್ಟು. ಪ್ಯಾಕ್ ಒಳಗೆ ಇಟ್ಟು ಬಾಗಿಲು ಮುಚ್ಚಿದರೆ ಮೋಟರು ತಾನೇ ಒಮ್ಮೆ ತಿರುಗಿ ಆ ಕಪ್ಪು ರಟ್ಟನ್ನು ಹೊರಗೆ ತಳ್ಳುತ್ತದೆ. ಅಲ್ಲಿಗೆ ಕ್ಯಾಮೆರಾ ತಯಾರು.

ಈಗ ಗುಂಡಿ ಒತ್ತಿದಾಗ ಶಟರ್ ತೆರೆದು ಮುಚ್ಚುತ್ತದೆ. ಮೋಟರು ತಿರುಗುತ್ತದೆ. ಒಂದು ಸಣ್ಣ ಲೋಹದ ಕೊಕ್ಕೆ ಮೇಲಿನ ಹಾಳೆಯ ಹಿಂದಿನ ಅಂಚನ್ನು ಹಿಡಿದು ಮುಂದಕ್ಕೆ ದೂಡುತ್ತದೆ. ಮುಂದೆ ಎರಡು ಉಕ್ಕಿನ ರೋಲರುಗಳು ಆ ಹಾಳೆಯನ್ನು ಕಚ್ಚಿ ಎಳೆಯುತ್ತವೆ. ಕಬ್ಬಿನ ಹಾಲಿನ ಗಾಣದಲ್ಲಿ ಕಬ್ಬು ಹೋಗುವ ಹಾಗೆ ಅಂತ ಇಟ್ಟುಕೊಳ್ಳಿ. ಹಾಳೆಯ ಅಗಲವಾದ ಬಿಳಿ ಅಂಚಿನೊಳಗೆ ರಾಸಾಯನಿಕದ ಸಣ್ಣ ಚೀಲ ಉಂಟು. ಆ ಅಂಚೇ ಮೊದಲು ಹೊರಗೆ ಬರುವುದು. ರೋಲರಿನ ಒತ್ತಡಕ್ಕೆ ಚೀಲ ಒಡೆದು, ಒಳಗಿನ ಲೇಹದಂಥ ದ್ರವ ಹಾಳೆಯ ಪದರಗಳ ನಡುವೆ ಸಮನಾಗಿ ಹರಡುತ್ತದೆ. ಅದರಿಂದಲೇ ಚಿತ್ರ ಮೂಡುವುದು.

ಇಷ್ಟು ಅರ್ಥವಾದರೆ ಮೊದಲ ಗುಟ್ಟು ತಾನೇ ಬಯಲಾಗುತ್ತದೆ. ಪ್ಯಾಕ್ ಇಲ್ಲದ ಕ್ಯಾಮೆರಾ ಅಂದರೆ ಪ್ಲಗ್ ತೆಗೆದ ಮಿಕ್ಸಿ. ಮೂವತ್ತು ವರ್ಷದಿಂದ ಖಾಲಿ ಬಿದ್ದಿರುವ ಕ್ಯಾಮೆರಾದ ಗುಂಡಿ ಒತ್ತಿ, ಶಬ್ದ ಬರಲಿಲ್ಲ, ಹಾಳಾಗಿದೆ ಅಂತ ತೀರ್ಮಾನಿಸುವುದು ಪ್ಲಗ್ ಹಾಕದೆ ಮಿಕ್ಸಿ ತಿರುಗುವುದಿಲ್ಲ ಅಂದ ಹಾಗೆ. ಒಳಗೆ ಹಳೆಯ ಪ್ಯಾಕ್ ಇದ್ದರೂ ಅಷ್ಟೇ. ಆ ಬ್ಯಾಟರಿ ಎಂದೋ ಸತ್ತಿರುತ್ತದೆ, ಫಿಲ್ಮಿನ ರಾಸಾಯನಿಕವೂ ಒಣಗಿರುತ್ತದೆ.

ಮೊದಲು ಜಾತಿ ಗುರುತಿಸಿ

ಎಲ್ಲ ಹಳೆಯ ಇನ್‌ಸ್ಟಂಟ್ ಕ್ಯಾಮೆರಾಗಳಿಗೂ ಇಂದು ಫಿಲ್ಮ್ ಸಿಗುವುದಿಲ್ಲ. ಆದ್ದರಿಂದ ಒಂದು ರೂಪಾಯಿ ಖರ್ಚು ಮಾಡುವ ಮೊದಲು ನಿಮ್ಮ ಕ್ಯಾಮೆರಾ ಯಾವ ಬಗೆಯದ್ದು ಅಂತ ನೋಡಿ. ಬದಿಯಲ್ಲಿರುವ ಗುಂಡಿ ಸರಿಸಿ ಫಿಲ್ಮಿನ ಬಾಗಿಲು ತೆರೆದರೆ ಒಳಗೆ ಅಥವಾ ಮೈಮೇಲೆ ಸಾಧಾರಣವಾಗಿ ಬರೆದಿರುತ್ತದೆ.

600 ಅಂತ ಇದ್ದರೆ 600 ಫಿಲ್ಮ್ ಬೇಕು. ಎಸ್‌ಎಕ್ಸ್-70 ಅಥವಾ ಟೈಮ್ ಝೀರೊ ಅಂತ ಇದ್ದರೆ ಎಸ್‌ಎಕ್ಸ್-70 ಫಿಲ್ಮ್ ಬೇಕು. ಇವೆರಡೂ ಈಗಲೂ ತಯಾರಾಗುತ್ತಿವೆ. ಗಾತ್ರ ಒಂದೇ, ಆದರೆ 600 ಫಿಲ್ಮ್ ಬೆಳಕನ್ನು ಹೀರುವುದು ನಾಲ್ಕು ಪಟ್ಟು ಹೆಚ್ಚು. ಅದನ್ನು ಎಸ್‌ಎಕ್ಸ್-70 ಕ್ಯಾಮೆರಾಕ್ಕೆ ಹಾಗೇ ಹಾಕಿದರೆ ಫೋಟೊ ಬೆಳ್ಳಗೆ ಬೆಳ್ಳಗೆ ಬರುತ್ತದೆ. ಕ್ಯಾಮೆರಾದ್ದು ಅದರಲ್ಲಿ ಏನೂ ತಪ್ಪಿಲ್ಲ.

ಇನ್ನೊಂದು ದೊಡ್ಡ ಗೊಂದಲ ಐ-ಟೈಪ್ ಫಿಲ್ಮಿನದ್ದು. ಹೆಸರು ಪೊಲರಾಯ್ಡ್, ಗಾತ್ರವೂ ಅದೇ, ಬೆಲೆ ಸ್ವಲ್ಪ ಕಡಿಮೆ. ಆದರೆ ಅದರ ಪ್ಯಾಕಿನಲ್ಲಿ ಬ್ಯಾಟರಿ ಇಲ್ಲ. ಚಾರ್ಜ್ ಮಾಡುವ ಹೊಸ ಕ್ಯಾಮೆರಾಗಳಿಗೆ ಮಾತ್ರ ಅದು ಆಗುತ್ತದೆ. ಗಲ್ಫ್‌ನಲ್ಲಿರುವ ಮಗನಿಗೆ "ಬರುವಾಗ ಪೊಲರಾಯ್ಡ್ ಫಿಲ್ಮ್ ತಾ" ಅಂತ ಫೋನು ಮಾಡುವವರು "600" ಎಂಬ ಸಂಖ್ಯೆಯನ್ನೂ ಹೇಳಲೇಬೇಕು. ಇಲ್ಲದಿದ್ದರೆ ಅವನು ಐ-ಟೈಪ್ ತರುತ್ತಾನೆ, ನೀವು ಹಾಕುತ್ತೀರಿ, ಶಬ್ದ ಬರುವುದಿಲ್ಲ, ಕ್ಯಾಮೆರಾ ಹಾಳಾಗಿದೆ ಅಂತ ಇಬ್ಬರೂ ನಂಬುತ್ತೀರಿ. ಮದುವೆ ಮನೆಗಳಲ್ಲಿ ಈಗ ಕಾಣುವ ಇನ್‌ಸ್ಟಾಕ್ಸ್ ಫಿಲ್ಮ್ ಜಪಾನಿನ ಫ್ಯೂಜಿಯವರದ್ದು. ಅದರ ಪ್ಯಾಕ್ ಇದಕ್ಕೆ ಹಿಡಿಯುವುದೇ ಇಲ್ಲ.

ಕೆಲವು ಕ್ಯಾಮೆರಾಗಳ ಕಾಲ ಮುಗಿದೇ ಹೋಗಿದೆ. ಅಮೆರಿಕದ ಕೊಡಾಕ್ ಕಂಪೆನಿಯೂ ಇನ್‌ಸ್ಟಂಟ್ ಕ್ಯಾಮೆರಾ ಮಾಡುತ್ತಿತ್ತು. ಪೊಲರಾಯ್ಡ್ ಹಾಕಿದ ಪೇಟೆಂಟ್ ಕೇಸಿನಲ್ಲಿ ಸೋತು 1986ರಲ್ಲಿ ನಿಲ್ಲಿಸಿತು. ಪೊಲರಾಯ್ಡಿನದ್ದೇ ಸ್ಪೆಕ್ಟ್ರಾ ಎಂಬ ಅಗಲದ ಮಾದರಿಗೆ ಫಿಲ್ಮ್ ಮಾಡುವುದನ್ನು 2019ರಲ್ಲಿ ಕೈಬಿಟ್ಟರು. ಆ ಹಳೆಯ ಕ್ಯಾಮೆರಾಗಳೊಳಗೆ ಹೊಸ ಫಿಲ್ಮ್ ಸಿಕ್ಕಿಹಾಕಿಕೊಳ್ಳುವುದೇ ಅದಕ್ಕೆ ಕಾರಣ. ಇಂಥವು ನಿಮ್ಮಲ್ಲಿದ್ದರೆ ರಿಪೇರಿಗೆ ಹಣ ಸುರಿಯಬೇಡಿ. ನೆನಪಿಗೆ ಇಟ್ಟುಕೊಳ್ಳಿ, ಅಷ್ಟೇ.

ಪ್ಯಾಕ್ ಹಾಕಿದರೂ ಶಬ್ದ ಇಲ್ಲ ಅಂದರೆ

ಸರಿಯಾದ ಹೊಸ ಪ್ಯಾಕ್ ಹಾಕಿದ್ದೀರಿ. ಬಾಗಿಲು ಮುಚ್ಚಿದ್ದೀರಿ. ಆದರೂ ಮೋಟರು ತಿರುಗಲಿಲ್ಲ, ಕಪ್ಪು ರಟ್ಟು ಹೊರಗೆ ಬರಲಿಲ್ಲ. ಈಗ ನೋಡಬೇಕಾದದ್ದು ಮೂರು ಸಂಗತಿ.

ಒಂದು, ಬಾಗಿಲು. ಟಕ್ ಅಂತ ಪೂರ್ತಿ ಕೂತಿದೆಯೇ ನೋಡಿ. ಒಂದು ಕೂದಲೆಳೆ ತೆರೆದಿದ್ದರೂ ಮೋಟರಿಗೆ ಕರೆಂಟು ಹೋಗುವುದಿಲ್ಲ.

ಎರಡು, ಕ್ಯಾಮೆರಾ ಆನ್ ಆಗಿದೆಯೇ. 600 ಮಾದರಿಯ ಹಲವು ಕ್ಯಾಮೆರಾಗಳಲ್ಲಿ ಬೇರೆ ಸ್ವಿಚ್ ಇಲ್ಲ. ಲೆನ್ಸಿನ ಮೇಲೆ ಮಡಚಿಕೊಂಡಿರುವ ಫ್ಲ್ಯಾಶಿನ ಭಾಗವನ್ನು ಮೇಲಕ್ಕೆ ಎತ್ತಿದರೆ ಅದೇ ಆನ್. ಈ ತಲೆಮಾರಿನ ಮಕ್ಕಳಿಗೆ ಇದು ಗೊತ್ತಿರುವುದಿಲ್ಲ.

ಮೂರನೆಯದು ನಮ್ಮ ಕರಾವಳಿಗೇ ಹೇಳಿಸಿದ್ದು, ಕಿಲುಬು. ಪ್ಯಾಕಿನ ಅಡಿಭಾಗದಲ್ಲಿ ಬ್ಯಾಟರಿಯ ಎರಡು ಬಿಂದುಗಳು ಕಾಣುತ್ತವೆ. ಕ್ಯಾಮೆರಾದೊಳಗೆ ಅವಕ್ಕೆ ತಾಗುವ ಹಾಗೆ ಎರಡು ಲೋಹದ ಸ್ಪ್ರಿಂಗುಗಳು ಉಂಟು. ಉಳ್ಳಾಲ, ಸುರತ್ಕಲ್ ಕಡೆ ಕಡಲ ಗಾಳಿ ತಾಗುವ ಮನೆಗಳಲ್ಲಿ ಟಿವಿ ರಿಮೋಟಿನ ಸ್ಪ್ರಿಂಗೇ ಹಸಿರಾಗುತ್ತದೆ, ಇನ್ನು ಹತ್ತಿಪ್ಪತ್ತು ಮಳೆಗಾಲ ಕಂಡ ಕ್ಯಾಮೆರಾ ಬಿಡುತ್ತದೆಯೇ? ಪೆನ್ಸಿಲ್ ಅಳಿಸುವ ರಬ್ಬರನ್ನು ಸಣ್ಣಗೆ ಕತ್ತರಿಸಿ ಆ ಬಿಂದುಗಳನ್ನು ಹಗುರವಾಗಿ ಉಜ್ಜಿ. ಆಮೇಲೆ ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಇಯರ್ ಬಡ್‌ಗೆ ಸ್ವಲ್ಪ ತಾಗಿಸಿ ಒರೆಸಿ. ಒಣಗಲು ಬಿಡಿ. ಸ್ಯಾಂಡ್ ಪೇಪರ್ ಬೇಡ. ಸ್ಪ್ರಿಂಗನ್ನು ಬಗ್ಗಿಸಲೂ ಬೇಡ.

ಪರೀಕ್ಷೆಗೆ ಪ್ರತಿ ಸಲ ಹೊಸ ಪ್ಯಾಕ್ ಹಾಳು ಮಾಡಬೇಕಾಗಿಲ್ಲ. ಒಂದು ಪ್ಯಾಕ್ ಮುಗಿದ ಮೇಲೆ ಖಾಲಿ ಡಬ್ಬಿಯನ್ನೂ ಕಪ್ಪು ರಟ್ಟನ್ನೂ ಬಿಸಾಡಬೇಡಿ. ಫಿಲ್ಮ್ ಮುಗಿದರೂ ಬ್ಯಾಟರಿಯಲ್ಲಿ ಸಾಧಾರಣವಾಗಿ ಚಾರ್ಜ್ ಉಳಿದಿರುತ್ತದೆ. ರಟ್ಟನ್ನು ಖಾಲಿ ಡಬ್ಬಿಯ ಮೇಲ್ಭಾಗಕ್ಕೆ ತೂರಿಸಿ ಕ್ಯಾಮೆರಾಕ್ಕೆ ಹಾಕಿ, ಬಾಗಿಲು ಮುಚ್ಚಿ. ಮೋಟರು ತಿರುಗಿ ರಟ್ಟು ಹೊರಗೆ ಬಂದರೆ ಮೋಟರು, ಗಿಯರು, ಕೊಕ್ಕೆ, ರೋಲರು ನಾಲ್ಕೂ ಸರಿ ಇವೆ ಅಂತ ಅರ್ಥ. ಬಿಡಿಕಾಸು ಖರ್ಚಿಲ್ಲದ ಪರೀಕ್ಷೆ ಇದು. ಪರಿಚಯದವರ ಮನೆಯಲ್ಲಿ ಓಡುತ್ತಿರುವ ಕ್ಯಾಮೆರಾ ಇದ್ದರೆ ಅವರ ಖಾಲಿ ಡಬ್ಬಿ ಕೇಳಿ ತನ್ನಿ, ಸಾಕು.

ಇನ್ನೂ ಒಂದು ವಿಷಯ, ಕೌಂಟರ್. ಹಳೆಯ ಪ್ಯಾಕಿನಲ್ಲಿ 10 ಹಾಳೆ ಇರುತ್ತಿದ್ದವು, ಈಗಿನದ್ದರಲ್ಲಿ 8. ಹಳೆಯ ಕ್ಯಾಮೆರಾಕ್ಕೆ ಇದು ಹೇಗೆ ಗೊತ್ತಾಗಬೇಕು? ಅದು 10ರಿಂದಲೇ ಇಳಿಯುತ್ತಾ ಬರುತ್ತದೆ. ಆದ್ದರಿಂದ ಕೌಂಟರ್ 2 ತೋರಿಸುವಾಗ ನಿಮ್ಮ ಪ್ಯಾಕ್ ಖಾಲಿ. "ಇನ್ನೂ ಎರಡು ಉಂಟು, ಆದರೆ ಹೊರಗೆ ಬರ್ತಾ ಇಲ್ಲ" ಅಂತ ಗಾಬರಿ ಆಗುವುದು ಬೇಡ.

ಶಬ್ದ ಬರ್ತದೆ, ಫೋಟೊ ಬರುವುದಿಲ್ಲ

ಇದು ನಿಜವಾದ ಯಂತ್ರದ ತೊಂದರೆ. ಮೋಟರು ತಿರುಗುವುದು ಕೇಳುತ್ತದೆ, ಹಾಳೆ ಮಾತ್ರ ಹೊರಗಿಲ್ಲ. ಇಲ್ಲಿ ಎಲ್ಲರೂ ಮಾಡುವ ಕೆಲಸ ಮತ್ತೆ ಮತ್ತೆ ಗುಂಡಿ ಒತ್ತುವುದು. ದಯವಿಟ್ಟು ಅದನ್ನು ಮಾಡಬೇಡಿ. ಮೊದಲ ಹಾಳೆ ಅರ್ಧದಲ್ಲಿ ಸಿಕ್ಕಿಕೊಂಡಿದ್ದರೆ ಎರಡನೆಯದು ಅದರ ಹಿಂದೆ ಬಂದು ಗುದ್ದುತ್ತದೆ. ಒಂದು ಹಾಳೆಯ ತೊಂದರೆ ಮೂರು ಹಾಳೆಯ ತೊಂದರೆ ಆಗುತ್ತದೆ.

ಮಂದ ಬೆಳಕಿನ ಕೋಣೆಗೆ ಹೋಗಿ ಬಾಗಿಲು ತೆರೆಯಿರಿ. ತೆರೆದಾಗ ಮೇಲಿನ ಹಾಳೆಗೆ ಬೆಳಕು ತಾಗಿ ಅದು ಹಾಳಾಗಬಹುದು. ಒಂದು ಹಾಳೆ ಹೋದರೆ ಹೋಗಲಿ, ಕ್ಯಾಮೆರಾ ಉಳಿಯಲಿ. ಹಾಳೆ ರೋಲರಿನ ನಡುವೆ ಸಿಕ್ಕಿದ್ದರೆ ಅದು ಹೊರಗೆ ಬರುವ ದಿಕ್ಕಿಗೇ ನೇರವಾಗಿ, ನಿಧಾನವಾಗಿ ಎಳೆಯಿರಿ. ಹಿಂದಕ್ಕೆ ಎಳೆಯಬೇಡಿ, ಚಾಕು ಕತ್ತರಿ ತೂರಿಸಬೇಡಿ. ಒಡೆದ ಚೀಲದಿಂದ ಬರುವ ಲೇಹ ಕ್ಷಾರದ್ದು, ಚರ್ಮವನ್ನು ಸುಡುತ್ತದೆ. ಕೈಗೆ ತಾಗಿದರೆ ಕೂಡಲೇ ತುಂಬಾ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ತಾಗಿದರೆ ತೊಳೆಯುತ್ತಲೇ ಡಾಕ್ಟರ ಬಳಿ ಹೋಗಬೇಕು. ಸಣ್ಣ ಮಕ್ಕಳನ್ನು ಈ ಕೆಲಸದ ಹತ್ತಿರ ಬಿಡಬೇಡಿ.

ಈಗ ಪ್ಯಾಕನ್ನು ಹೊರಗೆ ತೆಗೆದು ಖಾಲಿ ಡಬ್ಬಿ, ಕಪ್ಪು ರಟ್ಟಿನ ಪರೀಕ್ಷೆ ಮಾಡಿ. ರಟ್ಟು ಸರಾಗವಾಗಿ ಹೊರಗೆ ಬಂತು ಅಂದರೆ ಕೊಕ್ಕೆ, ರೋಲರು ಎರಡೂ ಸರಿ, ತೊಂದರೆ ಆ ಫಿಲ್ಮ್ ಪ್ಯಾಕಿನಲ್ಲಿ ಅಂತ ಲೆಕ್ಕ. ಹಾಳೆ ಬಾಗಿರಬಹುದು, ತೇವ ತಾಗಿ ಒಂದಕ್ಕೊಂದು ಅಂಟಿರಬಹುದು. ರಟ್ಟೂ ಬರಲಿಲ್ಲ, ಮೋಟರು ಮಾತ್ರ ತಿರುಗಿತು ಅಂದರೆ ಕೊಕ್ಕೆಯ ಮೇಲೆ ಸಂಶಯ. ಟಾರ್ಚ್ ಹಾಕಿ ಫಿಲ್ಮ್ ಕೂರುವ ಜಾಗದ ಹಿಂದಿನ ಮೂಲೆಗಳನ್ನು ನೋಡಿ. ಪ್ಯಾಕನ್ನು ಓರೆಯಾಗಿ ಬಲವಂತದಿಂದ ತುರುಕಿದ್ದರೆ ಆ ಕೊಕ್ಕೆ ಬಾಗಿರುತ್ತದೆ. ತೆಳ್ಳಗಿನ ತಗಡು ಅದು, ಕೈಯಲ್ಲಿ ನೆಟ್ಟಗೆ ಮಾಡಲು ಹೋದರೆ ಮುರಿಯುವ ಸಂಭವವೇ ಹೆಚ್ಚು. ಇದು ತಿಳಿದವರ ಕೈಗೆ ಕೊಡುವ ಕೆಲಸ.

ಮೋಟರು ನಿಲ್ಲದೆ ತಿರುಗುತ್ತಲೇ ಇದ್ದರೆ ಏನು ಮಾಡುವುದು? ಪ್ಯಾಕ್ ಎಳೆದು ತೆಗೆಯಿರಿ. ಕರೆಂಟು ಅದರಲ್ಲೇ ತಾನೇ ಇರುವುದು. ಮೋಟರು ತಾನೇ ನಿಲ್ಲುತ್ತದೆ. ಒಂದು ಸುತ್ತು ಮುಗಿದಾಗ ಮೋಟರನ್ನು ನಿಲ್ಲಿಸುವ ಸ್ವಿಚ್ಚಿನಲ್ಲೋ ಗಿಯರಿನಲ್ಲೋ ತೊಂದರೆ ಇರುತ್ತದೆ. ಅದಕ್ಕೂ ಒಳಗೆ ಬಿಚ್ಚಬೇಕು. ಮನೆಯ ಕೆಲಸ ಅಲ್ಲ.

ರೋಲರ್ ಒರೆಸಿದರೆ ಅರ್ಧ ಕಾಯಿಲೆ ಹೋಯಿತು

ಈ ಕ್ಯಾಮೆರಾಗಳಲ್ಲಿ ಮನೆಯಲ್ಲಿ ಎಲ್ಲರೂ ಮಾಡಬಹುದಾದ, ಮಾಡಲೇಬೇಕಾದ ಕೆಲಸ ಅಂದರೆ ರೋಲರ್ ಒರೆಸುವುದು. ಬಾಗಿಲು ತೆರೆದರೆ ಆ ಬಾಗಿಲಿಗೇ ಸೇರಿದ ಹಾಗೆ ಎರಡು ರೋಲರುಗಳು ಕಾಣುತ್ತವೆ. ಹಳೆಯ ಫಿಲ್ಮಿನ ಲೇಹ ಅದರ ಮೇಲೆ ಚೂರು ಚೂರಾಗಿ ಒಣಗಿ ಕಲ್ಲಿನ ಹಾಗೆ ಕೂತಿರುತ್ತದೆ. ನೂಲು ಬಿಡದ ಮೆತ್ತಗಿನ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಬದಿಯಲ್ಲಿರುವ ಸಣ್ಣ ಗಿಯರನ್ನು ಬೆರಳಿನಿಂದ ತಿರುಗಿಸುತ್ತಾ ಹೋದರೆ ರೋಲರಿನ ಸುತ್ತಲೂ ಸಿಗುತ್ತದೆ. ಉಗುರು, ಬ್ಲೇಡು ಹಾಕಿ ಕೆರೆಯಬೇಡಿ. ಉಕ್ಕಿನ ಮೇಲೆ ಒಂದು ಗೀರು ಬಿದ್ದರೆ ಅದು ಮುಂದಿನ ಪ್ರತಿ ಫೋಟೊದಲ್ಲೂ ಕಾಣುತ್ತದೆ. ಪೂರ್ತಿ ಒಣಗಿದ ಮೇಲೆಯೇ ಬಾಗಿಲು ಮುಚ್ಚಿ. ಪ್ರತಿ ಹೊಸ ಪ್ಯಾಕ್ ಹಾಕುವ ಮೊದಲು ಇದನ್ನೊಮ್ಮೆ ಮಾಡಿದರೆ ಒಳ್ಳೆಯದು.

ಫೋಟೊವೇ ಕಾಯಿಲೆ ಹೇಳುತ್ತದೆ

ಹೊರಗೆ ಬಂದ ಫೋಟೊವನ್ನು ಡಾಕ್ಟರು ನಾಲಿಗೆ ನೋಡುವ ಹಾಗೆ ನೋಡಬೇಕು.

ಫೋಟೊ ಪೂರ್ತಿ ಬೆಳ್ಳಗೆ ಬಂದರೆ ಬೆಳಕು ಅತಿಯಾಗಿದೆ. ಮಧ್ಯೆ ಬಾಗಿಲು ತೆರೆದಿರಬಹುದು, ತಪ್ಪು ಫಿಲ್ಮ್ ಹಾಕಿರಬಹುದು, ಹೊರಗೆ ಬರುವಾಗ ಬಿಸಿಲು ಬಿದ್ದಿರಬಹುದು. ಪೂರ್ತಿ ಕಪ್ಪಾದರೆ ಬೆಳಕು ಒಳಗೆ ಹೋಗಲೇ ಇಲ್ಲ. ಶಟರ್ ತೆರೆಯಲಿಲ್ಲ, ಅಥವಾ ಕತ್ತಲಲ್ಲಿ ಫ್ಲ್ಯಾಶ್ ಬೆಳಗಲಿಲ್ಲ. ಒಂದೇ ಅಂತರದಲ್ಲಿ ಸಾಲಾಗಿ ಒಂದೇ ತರಹದ ಚುಕ್ಕೆಗಳು ಕಂಡರೆ ರೋಲರಿನ ಮೇಲೆ ಕೊಳೆ ಉಂಟು. ರೋಲರ್ ಒಂದು ಸುತ್ತು ತಿರುಗಿದಾಗಲೆಲ್ಲ ಆ ಕೊಳೆ ಒಂದು ಗುರುತು ಒತ್ತುತ್ತದೆ. ಮೂಲೆಯಲ್ಲಿ ಚಿತ್ರವೇ ಮೂಡದೆ ಖಾಲಿ ಉಳಿದರೆ ಲೇಹ ಸಮನಾಗಿ ಹರಡಿಲ್ಲ. ರೋಲರ್ ಒರೆಸಿ, ಹಾಳೆ ಹೊರಗೆ ಬರುವ ಸೀಳಿಗೆ ಬೆರಳು ಅಡ್ಡ ಬರದ ಹಾಗೆ ಹಿಡಿಯಿರಿ.

ಇನ್ನು ಬಣ್ಣದ ವಿಷಯ. "ಆಗಿನ ಕಾಲದ ಫೋಟೊ ಎಷ್ಟು ಚೆಂದ ಇತ್ತು, ಈಗ ಯಾಕೆ ಹೀಗೆ?" ಅಂತ ಕೇಳುವವರು ಉಂಟು. ಕ್ಯಾಮೆರಾದ ಮೇಲೆ ಆ ತಪ್ಪು ಹೊರಿಸಬೇಡಿ. ಪೊಲರಾಯ್ಡ್ ಕಂಪೆನಿ 2001ರಲ್ಲಿ ದಿವಾಳಿಯಾಯಿತು. ಫಿಲ್ಮ್ ಮಾಡುವುದನ್ನು ನಿಲ್ಲಿಸುತ್ತೇವೆ ಅಂತ 2008ರಲ್ಲಿ ಪ್ರಕಟಿಸಿದರು. ಆಗ ನೆದರ್‌ಲ್ಯಾಂಡ್ಸ್‌ನ ಎನ್‌ಸ್ಖೆಡೆ ಎಂಬ ಊರಿನಲ್ಲಿದ್ದ ಕೊನೆಯ ಕಾರ್ಖಾನೆಯನ್ನು ಉಳಿಸಿಕೊಂಡದ್ದು ಇಂಪಾಸಿಬಲ್ ಪ್ರಾಜೆಕ್ಟ್ ಎಂಬ ಸಣ್ಣ ತಂಡ. ಹೆಸರಿನ ಅರ್ಥವೇ ಅಸಾಧ್ಯವಾದ ಕೆಲಸ ಅಂತ. ಯಂತ್ರಗಳು ಇದ್ದವು, ಆದರೆ ಹಳೆಯ ರಾಸಾಯನಿಕಗಳಲ್ಲಿ ಹಲವು ಮಾರುಕಟ್ಟೆಯಲ್ಲೇ ಇರಲಿಲ್ಲ. ಫಿಲ್ಮನ್ನು ಮೊದಲಿನಿಂದ ಮತ್ತೆ ಕಂಡುಹಿಡಿಯಬೇಕಾಯಿತು. 2010ರಲ್ಲಿ ಅವರ ಮೊದಲ ಫಿಲ್ಮ್ ಬಂತು. ಈಗ ಪೊಲರಾಯ್ಡ್ ಹೆಸರಿನಲ್ಲಿ ಮಾರಾಟ ಆಗುವುದು ಅದೇ ವಂಶದ್ದು. ಅವರು ಆ ಹಟ ಹಿಡಿಯದಿದ್ದರೆ ನಮ್ಮ ಕಪಾಟಿನ ಕ್ಯಾಮೆರಾಕ್ಕೆ ಇವತ್ತು ಒಂದು ಹಾಳೆಯೂ ಸಿಗುತ್ತಿರಲಿಲ್ಲ.

ಹಳೆಯ ಫಿಲ್ಮ್ ಹಗಲು ಬೆಳಕಿನಲ್ಲೇ ನಮ್ಮ ಕಣ್ಣೆದುರು ಮೂಡುತ್ತಿತ್ತು. ಹೊಸದು ಹಾಗಲ್ಲ. ಹೊರಗೆ ಬಂದ ಕೂಡಲೇ ಮಗುಚಿ ಹಾಕಿ, ಇಲ್ಲವೇ ಜೇಬಿಗೆ ಹಾಕಿ ಬೆಳಕಿನಿಂದ ಮರೆ ಮಾಡಬೇಕು. ಬಣ್ಣದ ಫೋಟೊ ಪೂರ್ತಿ ಮೂಡಲು ಸುಮಾರು 15 ನಿಮಿಷ ಬೇಕು. ಗಾಳಿಗೆ ಬೀಸಿದರೆ ಬೇಗ ಒಣಗುತ್ತದೆ ಅನ್ನುವುದು ಸುಳ್ಳು. ಬೀಸಿದರೆ ಪದರಗಳು ಬಿಟ್ಟುಕೊಂಡು ಕಲೆಯಾಗಬಹುದು.

ಸೆಕೆಯೂ ಮಳೆಯೂ

ಈಗಿನ ಫಿಲ್ಮಿಗೆ ಹಿಡಿಸುವ ಹವೆ 13ರಿಂದ 28 ಡಿಗ್ರಿ. ನಮ್ಮ ಊರಿನ ಏಪ್ರಿಲ್, ಮೇ ತಿಂಗಳಿನಲ್ಲಿ 28 ಅನ್ನುವುದು ಮಧ್ಯಾಹ್ನ ಸಿಗುವ ಲೆಕ್ಕವೇ ಅಲ್ಲ. ಸೆಕೆ ಹೆಚ್ಚಾದರೆ ಫೋಟೊ ಹಳದಿ, ಕೆಂಪು ಛಾಯೆಗೆ ತಿರುಗುತ್ತದೆ. ಆದ್ದರಿಂದ ಬೆಳಿಗ್ಗೆ ಹೊತ್ತಿನಲ್ಲಿ ತೆಗೆಯುವುದು ಒಳ್ಳೆಯದು. ತೆಗೆದ ಫೋಟೊವನ್ನು ಫ್ಯಾನಿನ ಕೆಳಗೋ ತಂಪು ಕೋಣೆಯಲ್ಲೋ ಮಗುಚಿಡಿ. ಬಳಸದ ಪ್ಯಾಕನ್ನು ಅದರ ಕವರ್ ಒಡೆಯದೆ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ. ಬಳಸುವ ಮೊದಲು ಒಂದೆರಡು ಗಂಟೆ ಹೊರಗಿಟ್ಟು ಹವೆಗೆ ಹೊಂದಲು ಬಿಡಿ. ತಯಾರಾದ ದಿನಾಂಕದಿಂದ ಒಂದು ವರ್ಷದೊಳಗೆ ಬಳಸಿ ಮುಗಿಸಬೇಕು. ದುಬೈಯಿಂದ ತರುವವರು ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಅದನ್ನು ಬಿಡಬಾರದು.

ಕ್ಯಾಮೆರಾವನ್ನು ಇಡುವುದಕ್ಕೂ ಒಂದು ಕ್ರಮ ಉಂಟು. ಬಹಳ ದಿನ ಬಳಸುವುದಿಲ್ಲ ಅಂದರೆ ಪ್ಯಾಕ್ ಹೊರಗೆ ತೆಗೆಯಿರಿ. ರೆಕ್ಸಿನ್ ಚೀಲದೊಳಗೆ ಬಿಗಿಯಾಗಿ ಮುಚ್ಚಿಟ್ಟರೆ ಮಳೆಗಾಲದಲ್ಲಿ ಲೆನ್ಸಿಗೆ ಬೂಸಲು ಹಿಡಿಯುತ್ತದೆ. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬದಲ್ಲಿ, ಹೊಸ ಚಪ್ಪಲಿ ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಇಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಗಾಳಿಯಾಡಿಸಿ.

ಎಲ್ಲಿ ನಿಲ್ಲಬೇಕು?

ಸ್ಕ್ರೂಡ್ರೈವರ್ ಎತ್ತುವ ಮೊದಲು ಒಂದು ಎಚ್ಚರಿಕೆ. ಫ್ಲ್ಯಾಶ್ ಇರುವ ಕ್ಯಾಮೆರಾದೊಳಗೆ ಒಂದು ಕೆಪಾಸಿಟರ್ ಉಂಟು. ಅದು ಸುಮಾರು 300 ವೋಲ್ಟ್ ತುಂಬಿಕೊಳ್ಳುತ್ತದೆ. ಪ್ಯಾಕ್ ತೆಗೆದ ಮೇಲೂ ಆ ವಿದ್ಯುತ್ ಸ್ವಲ್ಪ ಕಾಲ ಅದರಲ್ಲೇ ಇರುತ್ತದೆ. ಬ್ಯಾಟರಿ ಬರೀ 6 ವೋಲ್ಟ್ ತಾನೇ ಅಂತ ಧೈರ್ಯ ಮಾಡಿ ಒಳಗೆ ಬೆರಳು ಹಾಕಿದವರಿಗೆ ಜೋರಾದ ಶಾಕ್ ಹೊಡೆಯುತ್ತದೆ. ರೇಡಿಯೊ, ಟಿವಿ ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಆದರೆ ಅದನ್ನು ಮೊದಲು ಖಾಲಿ ಮಾಡುವ ಕ್ರಮ ಅವರಿಗೆ ತಿಳಿದಿರುತ್ತದೆ. ನಾವು ನೀವು ಕವಚ ಬಿಚ್ಚುವುದು ಬೇಡ.

ಮಡಚುವ ಎಸ್‌ಎಕ್ಸ್-70 ನಿಮ್ಮಲ್ಲಿದ್ದರೆ ಇನ್ನೂ ಜಾಗ್ರತೆ. ಅದರೊಳಗೆ ಕನ್ನಡಿಯೊಂದು ಪ್ರತಿ ಫೋಟೊಗೂ ಏಳುತ್ತದೆ, ಇಳಿಯುತ್ತದೆ. ಕಣ್ಣಿಟ್ಟು ನೋಡಿದಾಗ ಏನೂ ಕಾಣದೆ ಪೂರ್ತಿ ಕತ್ತಲಾಗಿದ್ದರೆ ಕನ್ನಡಿ ನಡುದಾರಿಯಲ್ಲಿ ನಿಂತಿದೆ ಅಂತ ಅರ್ಥ. ಹಲವು ಸಲ ಬ್ಯಾಟರಿ ಮಧ್ಯದಲ್ಲಿ ಸತ್ತದ್ದೇ ಕಾರಣ. ಚಾರ್ಜ್ ಇರುವ ಪ್ಯಾಕ್ ಹಾಕಿದರೆ ಉಳಿದ ಸುತ್ತು ಮುಗಿಸಿ ತಾನೇ ಸರಿಯಾಗುತ್ತದೆ. ಆಗಲಿಲ್ಲವೇ, ಬಲವಂತವಾಗಿ ಮಡಚಬೇಡಿ. ತಿಳಿದವರಿಗೆ ತೋರಿಸಿ.

ಅಂಗಡಿಗೆ ಕೊಡುವಾಗ ಬರೀ "ಕೆಟ್ಟಿದೆ" ಅನ್ನಬೇಡಿ. ಪ್ಯಾಕ್ ಯಾವುದು ಹಾಕಿದ್ದು, ಶಬ್ದ ಬಂತೇ ಇಲ್ಲವೇ, ಕಪ್ಪು ರಟ್ಟು ಹೊರಗೆ ಬಂತೇ, ಫೋಟೊ ಹೇಗೆ ಬಂತು ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ. ಕಾಯಿಲೆ ಎಲ್ಲಿ ಅಂತ ಹುಡುಕುವ ಅರ್ಧ ದಿನದ ಕೆಲಸ ಅವರಿಗೆ ಉಳಿಯುತ್ತದೆ, ನಿಮಗೆ ಕೂಲಿ ಉಳಿಯುತ್ತದೆ.

ಕ್ಯಾಮೆರಾಕ್ಕಿಂತ ದೊಡ್ಡದು

ಎಷ್ಟು ಮಾಡಿದರೂ ಕ್ಯಾಮೆರಾ ಎದ್ದು ನಿಲ್ಲಲಿಲ್ಲ ಅಂತಲೇ ಇಟ್ಟುಕೊಳ್ಳಿ. ಅದು ತೆಗೆದುಕೊಟ್ಟ ಫೋಟೊಗಳು ಎಲ್ಲಿವೆ? ಅದನ್ನು ಹುಡುಕಿ.

ಸ್ಟುಡಿಯೊ ಫೋಟೊಗೆ ನೆಗೆಟಿವ್ ಇರುತ್ತಿತ್ತು, ಹಾಳಾದರೆ ಇನ್ನೊಂದು ತೊಳೆಸಬಹುದಿತ್ತು. ಮೊಬೈಲ್ ಫೋಟೊವನ್ನು ನೂರು ಜನರಿಗೆ ಕಳುಹಿಸಬಹುದು. ಪೊಲರಾಯ್ಡ್ ಫೋಟೊಗೆ ಅಂಥದ್ದು ಏನೂ ಇಲ್ಲ. ನೆಗೆಟಿವೂ ಅದೇ, ಫೋಟೊವೂ ಅದೇ. ಇಡೀ ದುನಿಯಾದಲ್ಲಿ ಅದು ಒಂದೇ. ದಮಾಮಿನ ಕೋಣೆಯಲ್ಲಿ ನಾಲ್ಕು ಮಂದಿ ಊರಿನವರು ಒಟ್ಟಿಗೆ ನಿಂತ ಫೋಟೊ, ಮಗು ಹುಟ್ಟಿ ಎಷ್ಟೋ ತಿಂಗಳ ಮೇಲೆ ರಜೆಗೆ ಬಂದ ಉಪ್ಪ ಅದನ್ನು ಮೊದಲ ಸಲ ಎತ್ತಿಕೊಂಡ ಫೋಟೊ, ಈಗ ಇಲ್ಲವಾದ ಅಜ್ಜಿ ಅಂಗಳದಲ್ಲಿ ಕೂತ ಫೋಟೊ, ಇಂಥದ್ದು ಒಂದು ಮಾಸಿಹೋದರೆ ಅದನ್ನು ಎಲ್ಲಿಂದಲೂ ಮತ್ತೆ ತರಲು ಆಗುವುದಿಲ್ಲ.

ಆದ್ದರಿಂದ ಈ ವಾರ ಒಂದು ಗಂಟೆ ತೆಗೆದಿಡಿ. ಫೋಟೊಗಳನ್ನು ಹುಡುಕಿ, ಸಾಧ್ಯವಿದ್ದರೆ ಸ್ಕ್ಯಾನ್ ಮಾಡಿಸಿ. ಇಲ್ಲದಿದ್ದರೆ ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಜಾಗದಲ್ಲಿಟ್ಟು ಫ್ಲ್ಯಾಶ್ ಆಫ್ ಮಾಡಿ ಮೊಬೈಲಿನಲ್ಲಿ ತೆಗೆಯಿರಿ. ಬಿಳಿ ಅಂಚನ್ನು ಕತ್ತರಿಸಬೇಡಿ, ಒಳಗೆ ರಾಸಾಯನಿಕದ ಉಳಿಕೆ ಇರುತ್ತದೆ. ಬಿಸಿ ಲ್ಯಾಮಿನೇಶನ್ ಮಾಡಿಸಬೇಡಿ. ಬಿಸಿಲು ಬೀಳುವ ಗೋಡೆಗೆ ತೂಗಬೇಡಿ. ಅಂಟಿನ ಆಲ್ಬಮಿಗೆ ಅಂಟಿಕೊಂಡಿದ್ದರೆ ಕಿತ್ತು ತೆಗೆಯದೆ ಹಾಗೇ ಇಟ್ಟು ನಕಲು ತೆಗೆಯಿರಿ.

ಆಮೇಲೆ ಉಮ್ಮನ ಬಳಿಯೋ, ಹಿರಿಯ ಮಾವಂದಿರ ಬಳಿಯೋ ಕೂತು ಫೋಟೊದಲ್ಲಿ ಯಾರ್‍ಯಾರು ಇದ್ದಾರೆ, ಯಾವ ಊರು, ಯಾವ ವರ್ಷ ಅಂತ ಕೇಳಿ ಬೇರೆ ಕಾಗದದಲ್ಲಿ ಬರೆದಿಡಿ. ಫೋಟೊದ ಬೆನ್ನಿಗೆ ಬಾಲ್‌ಪೆನ್ ಒತ್ತಿ ಬರೆಯಬೇಡಿ, ಒತ್ತಿದ್ದು ಮುಂದಕ್ಕೆ ಮೂಡುತ್ತದೆ. ಕ್ಯಾಮೆರಾದ ಕೊಕ್ಕೆ ಬಾಗಿದ್ದರೆ ಇವತ್ತಲ್ಲ ನಾಳೆ ಯಾರಾದರೂ ಸರಿ ಮಾಡಿಕೊಟ್ಟಾರು. ಫೋಟೊದಲ್ಲಿರುವವರ ಹೆಸರು ಹೇಳಬಲ್ಲವರು ಇರುವಾಗಲೇ ಕೇಳಿಬಿಡಬೇಕು.